ತಾಮ್ರ ಸುಳ್ಳಾದ ತಿಂಗಳು

ಹಗಲಿನ ಅಂಚನ್ನು ಇರುಳಿನ ಅಂಚಿಗೆ ಹೊಲಿಯುವವನೂ, ಆ ಹೊಲಿಗೆ ಎಲ್ಲಿ ಬಿದ್ದಿತೆಂಬುದನ್ನು ತಾನೊಬ್ಬನೇ ತಪ್ಪದೆ ಬಲ್ಲವನೂ, ನೆರಳಿಗೆ ನಡೆಯನ್ನು ಕಲಿಸಿದವನೂ ಆದ ಕರುಣಾಮಯನನ್ನು ಮೊದಲು ನೆನೆಯುತ್ತೇನೆ. ಅಳೆಯುವವರ ಅಳತೆ ಅವನ ಕೈಯಲ್ಲಿದೆ. ಹೇಳುವ ನಾಲಗೆಗೂ ಕೇಳುವ ಕಿವಿಗೂ ಅವನು ನೇರತನವನ್ನು ಕರುಣಿಸಲಿ.

"ಬೇರೆ ಮೇಜು ಗೀಜು ಇಲ್ಲ ಕಾಂಗ್, ಇದರ ಮೇಲೇ ಇಟ್ಕೊ" ಎಂದು, ಊರಿನ ರೂಢಿಯಂತೆ ಅಣ್ಣನೆಂದು ಕರೆದು, ಅಜಾನ್ ಕೂಗುವ ಸರ್ಪಿನ್ ತೋರಿಸಿದ್ದು ಶವ ಹೊರುವ ಮಂಚವನ್ನು. ಮಸೀದಿಯ ಹಿಂದಿನ ಆ ಕಿರುಕೋಣೆಯಲ್ಲಿ ಸುರುಳಿ ಸುತ್ತಿದ ಹಳೆಯ ಚಾಪೆಗಳು, ಚರ್ಮ ಸಡಿಲಗೊಂಡ ಒಂದು ನಗಾರಿ, ಗೋಡೆಗೆ ಒರಗಿದ ಏಣಿ. ಇವುಗಳ ನಡುವೆ ಹಸಿರು ಬಣ್ಣದ ಆ ಮಂಚವೊಂದೇ ಸಮತಟ್ಟಾದ ವಸ್ತು. ಈ ಮಸೀದಿಯ ಗೋಡೆಗೆ ನಮಾಜಿನ ಹೊತ್ತು ಕೂಗುವ ಗಡಿಯಾರ ಮಾಡಿಕೊಟ್ಟಿದ್ದ ಮಸ್ರುಖಾನ್ ಒಂದು ಕ್ಷಣ ತಡೆದ. "ಯಾಕೆ, ಹೆದರಿಕೆಯಾ? ರುಕಾನಾ ಅಜ್ಜಿನ ಹೊತ್ತಮೇಲೆ ತೊಳೆದು ಇಟ್ಟಿದೀವಿ, ಹೋದ ವಾರ. ಅಜ್ಜಿ ಬದುಕಿದ್ದಾಗಲೇ ಯಾರಿಗೂ ಏನೂ ಮಾಡ್ದೋಳಲ್ಲ" ಎಂದು ಸರ್ಪಿನ್ ನಕ್ಕು, ಉಪವಾಸದಲ್ಲಿ ನಗುವುದು ಅತಿಯಾಯಿತೆನಿಸಿದವನಂತೆ ಬಾಯಿ ಒರೆಸಿಕೊಂಡ. ಮಸ್ರುಖಾನ್ ಚೀಲದಿಂದ ಲ್ಯಾಪ್‌ಟಾಪನ್ನು ತೆಗೆದು ಮಂಚದ ಮೇಲಿಟ್ಟ. ಹೋದ ವಾರ. ಹಾಗಾದರೆ ಆ ಮುದುಕಿ ಈ ರಂಜಾನ್ ತಿಂಗಳಿನ ಮೊದಲ ಅರ್ಧ ಉಪವಾಸವಿದ್ದಳು. ಪ್ರತಿ ಸಂಜೆಯೂ ಗೋಡೆಯ ಮೇಲಿನ ಗಡಿಯಾರ ಕೂಗಿದೊಡನೆ ನೀರು ಕುಡಿದಳು. ಮತ್ತು ಪ್ರತಿ ಸಂಜೆಯೂ ಆ ನೀರು ಅವಳ ಗಂಟಲಿಳಿಯುವಾಗ ಸೂರ್ಯನಿನ್ನೂ ಮುಳುಗಿರಲಿಲ್ಲ. ಇದನ್ನು ಈ ಲೋಕದಲ್ಲಿ ಬಲ್ಲ ಮನುಷ್ಯ ತಾನೊಬ್ಬನೇ ಎಂಬ ಅರಿವು, ಬೆಳಗಿನಿಂದ ಮೋಟರ್‌ಸೈಕಲ್ಲಿನ ಮೇಲೆ ಕೂತು ಬಂದ ಅವನ ಬೆನ್ನೆಲುಬಿನಲ್ಲಿ ಒಂದು ಹಿಡಿತದಂತೆ ಕೂತಿತ್ತು.

ಪ್ರೋಗ್ರಾಮರ್ ಎಂಬುದು ಗಡಿಯಾರದೊಳಗಿನ ಚಿಪ್‌ಗೆ ಆಯಾ ಊರಿನ ನಮಾಜಿನ ಹೊತ್ತುಗಳನ್ನು ಬರೆಯುವ, ಅಂಗೈಯಗಲದ ಒಂದು ಪೆಟ್ಟಿಗೆ. ಅದರ ಒಂದು ಬಳ್ಳಿ ಲ್ಯಾಪ್‌ಟಾಪಿನ ಬೆನ್ನಿಗೆ, ಇನ್ನೊಂದು ವಿದ್ಯುತ್ತಿಗೆ. ನೆತ್ತಿಯ ಮೇಲೆ ಪುಟ್ಟ ಸನ್ನೆಕೋಲುಳ್ಳ ಸಾಕೆಟ್ಟು. ಸನ್ನೆಯನ್ನೆತ್ತಿ, ಜರಿಹುಳದಂತೆ ಕಾಲುಗಳಿರುವ ಚಿಪ್ಪನ್ನು ಅದರ ತಲೆಯ ಗುರುತು ಸನ್ನೆಯ ಕಡೆಗೆ ಬರುವಂತೆ ಕೂರಿಸಿ, ಸನ್ನೆಯನ್ನು ಮಲಗಿಸಿದರೆ ಕಾಲುಗಳೆಲ್ಲ ಒಮ್ಮೆಲೇ ಹಿಡಿಯಲ್ಪಡುತ್ತವೆ. ಆಮೇಲೆ ತೆರೆಯ ಮೇಲಿನ ಪಟ್ಟಿಯಲ್ಲಿ ಚಿಪ್ಪಿನ ಹೆಸರನ್ನು ಆರಿಸಬೇಕು, ಬರೆಯಬೇಕಾದ ಫೈಲನ್ನು ಯಂತ್ರದ ನೆನಪಿಗೆ ತುಂಬಬೇಕು, ಹಳೆಯದನ್ನು ಅಳಿಸಬೇಕು, ಹೊಸದನ್ನು ಬರೆಯಬೇಕು, ಬರೆದದ್ದನ್ನು ತಾಳೆ ನೋಡಬೇಕು. ಈ ಐದನ್ನೂ ಒಂದೊಂದಾಗಿ ಮಾಡುವ ತಾಳ್ಮೆ ಇಲ್ಲದವರಿಗಾಗಿ ಕೊನೆಯ ಮೂರನ್ನೂ ಒಟ್ಟಿಗೆ ನಡೆಸಿಬಿಡುವ ಗುಂಡಿಯೊಂದಿದೆ. ರಂಜಾನಿಗೆ ಮುಂಚಿನ ಆ ಶುಕ್ರವಾರ ಕುದುಸ್ ಪಟ್ಟಣದ ತನ್ನ ಮನೆಯ ಮುಂಗೋಣೆಯಲ್ಲಿ ಅವನು ಒತ್ತಿದ್ದು ಆ ಗುಂಡಿಯನ್ನು. ಅದಕ್ಕೆ ಸ್ವಲ್ಪ ಮುಂಚೆ ಮದುರಾ ದ್ವೀಪದ ಬಂಗ್ಕಲಾನಿನ ಮಸೀದಿಯೊಂದಕ್ಕೆ ಚಿಪ್ ಬರೆದು ಮುಗಿಸಿದ್ದ. ಒಳಗಿನಿಂದ ಹೆಂಡತಿ ಮುಯಸ್ಸರಾ, "ಅನ್ನ ಆರಿ ಕಲ್ಲಾಗ್ತಿದೆ, ಆ ಹುಳಗಳಿಗೇ ಮದುವೆಯಾಗಬೇಕಿತ್ತು ನೀವು" ಎಂದು ಕೂಗಿದ್ದಳು. ಅವನು ಬಂಗ್ಕಲಾನಿನ ಚಿಪ್ಪನ್ನು ತೆಗೆದು, ಈ ಪುಂಗ್ಗುರ್ ಹಳ್ಳಿಗೆಂದು ಇಟ್ಟಿದ್ದ ಖಾಲಿ ಚಿಪ್ಪನ್ನು ಕೂರಿಸಿ, ಹೊಸ ಫೈಲನ್ನು ತುಂಬಿದ್ದೇನೆಂದೇ ನಂಬಿ, ಒತ್ತಿದ. ತೆರೆಯಲ್ಲಿ ಹಸಿರು ಅಕ್ಷರ ಮೂಡಿತು: ತಾಳೆ ಸರಿಯಿದೆ. ಸರಿಯೇ ಇತ್ತು. ಯಂತ್ರ ತನ್ನ ನೆನಪಿನಲ್ಲಿದ್ದುದನ್ನು ಚಿಪ್ಪಿನಲ್ಲಿದ್ದುದರೊಡನೆ ತಾಳೆ ನೋಡಿತ್ತು. ನೆನಪಿನಲ್ಲಿ ಇದ್ದದ್ದು ಬೇರೆಯ ಊರಿನ ಸೂರ್ಯ. ತಪ್ಪು ತನ್ನನ್ನು ತನ್ನೊಡನೆಯೇ ಹೋಲಿಸಿಕೊಂಡು ನಿಶ್ಚಿಂತವಾಗಿತ್ತು.

ಬಂಗ್ಕಲಾನ್ ಮೂಡಣಕ್ಕಿದೆ. ಅಲ್ಲಿ ಸೂರ್ಯ ಇಲ್ಲಿಗಿಂತ ಏಳು ನಿಮಿಷ ಮೊದಲು ಮುಳುಗುತ್ತಾನೆ. ಎಚ್ಚರಿಕೆಗೆಂದು ಲೆಕ್ಕದಲ್ಲಿ ಸೇರಿಸುವ ಎರಡು ನಿಮಿಷವನ್ನು ಕಳೆದರೂ ಐದು ನಿಮಿಷದ ಹಗಲು ಉಳಿಯುತ್ತದೆ. ಬೇರೆ ಯಾವ ಊರಾದರೂ ಮೊದಲ ಸಂಜೆಯೇ ಕಂಡುಹಿಡಿದುಬಿಡುತ್ತಿತ್ತು. ಪುಂಗ್ಗುರ್ ಇರುವುದು ಮುರಿಯಾ ಬೆಟ್ಟದ ಮೂಡಣ ಮಡಿಲಿನಲ್ಲಿ. ಇಲ್ಲಿ ಇಳಿಹೊತ್ತಿನ ಅಸರ್ ನಮಾಜು ಮುಗಿದು ಸ್ವಲ್ಪ ಹೊತ್ತಿಗೆಲ್ಲ ಸೂರ್ಯ ಬೆಟ್ಟದ ಹಿಂದಕ್ಕೆ ಜಾರುತ್ತಾನೆ, ಆಮೇಲಿನದೆಲ್ಲ ನೆರಳಿನೊಳಗಿನ ಕಾಯುವಿಕೆ. ಬೇರೆ ಊರಿನ ಅಜಾನ್ ಈ ಕಣಿವೆಗೆ ಇಳಿಯುವುದಿಲ್ಲ. ಟಿವಿಯ ಅಜಾನ್ ಜಕಾರ್ತಾದ್ದು, ಅದು ತಡವಾಗಿಯೇ ಬರುತ್ತದೆಂದು ಮಕ್ಕಳಿಗೂ ಗೊತ್ತು. ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ನಮಾಜುಗಳೇನೋ ಉಳಿದುಕೊಂಡಿದ್ದವು, ಅಜಾನಾದ ಮೇಲೆ ಊರಿನವರು ಉದ್ದಕ್ಕೆ ಸ್ತುತಿ ಹಾಡುತ್ತ ಜನ ಸೇರುವವರೆಗೆ ಕಾಯುವುದು ಇಲ್ಲಿನ ರೂಢಿ, ಅಷ್ಟರಲ್ಲಿ ಹೊತ್ತು ಬಂದೇ ಇರುತ್ತಿತ್ತು. ಉಪವಾಸ ಹಾಗಲ್ಲ. ಅದನ್ನು ಕೂಗಿನೊಂದಿಗೇ, ತಡಮಾಡದೆ, ಪುಣ್ಯವೆಂದು ಬಿಡುತ್ತಾರೆ. ನಿನ್ನೆ ಮಧ್ಯಾಹ್ನ, ಪ್ರತಿ ಊರಿಗೂ ಒಂದು ಹೆಚ್ಚುವರಿ ಚಿಪ್ ಬರೆದಿಡುವ ತನ್ನ ಅಭ್ಯಾಸದಂತೆ ಇಟ್ಟಿದ್ದ ಪುಂಗ್ಗುರಿನ ಜೋಡಿಯನ್ನು ಸುಮ್ಮನೆ ಓದಿಸಿ ನೋಡಿದಾಗ, ತೆರೆಯ ಮೇಲೆ ಮದುರಾದ ಅಂಕಿಗಳು ಎದ್ದು ನಿಂತವು. ಆಗಿನಿಂದ ಅವನಿಗೆ ಬಾಯಾರಿಕೆ ಎಂಬುದು ತಿಳಿಯುತ್ತಿಲ್ಲ.

ಚಿಪ್ಪನ್ನು ಸದ್ದಿಲ್ಲದೆ ಬದಲಾಯಿಸಿಬಿಡಬಹುದು. ಅದಕ್ಕೆ ಹೊತ್ತೇನೂ ಬೇಕಿಲ್ಲ. ಆದರೆ ಬದಲಾಯಿಸಿ ಸುಮ್ಮನಾದರೆ ಈ ಊರಿನ ಪ್ರತಿಯೊಬ್ಬನ ತಲೆಯ ಮೇಲೂ, ಅವನಿಗೇ ತಿಳಿಯದಂತೆ, ಕೆಟ್ಟ ಉಪವಾಸಗಳ ಹೊರೆ ಸಾಯುವತನಕ ಕೂತಿರುತ್ತದೆ. ಹೇಳಿದರೆ, ಈ ಊರಿನ ಗುರು ಯಾಯಿ ಸಹ್ಲಾನರ ಶಿಷ್ಯ ಸುಳ್ಳು ಸೂರ್ಯನನ್ನು ಮಾರಿದ ಎನ್ನುತ್ತಾರೆ. ಎರಡರಲ್ಲಿ ಯಾವುದೆಂದು ನಿರ್ಧರಿಸದೆಯೇ ಹೊರಟು ಬಂದಿದ್ದ. ಏಣಿ ಹತ್ತಿ ಗಡಿಯಾರದ ಬೆನ್ನನ್ನು ಬಿಚ್ಚುವಾಗ ಸರ್ಪಿನ್ ಕೇಳಿದ: "ಏನಾಗಿದೆ ಅದಕ್ಕೆ?" "ಬ್ಯಾಟರಿ" ಎಂದ ಮಸ್ರುಖಾನ್. ಯೋಚಿಸುವ ಮೊದಲೇ ಆ ಮಾತು ಬಾಯಿಂದ ಉದುರಿತ್ತು.

ಗಡಿಯಾರದಿಂದ ತೆಗೆದ ಚಿಪ್ಪನ್ನು ಕೂರಿಸಿದಾಗ ಮೊದಲ ಸಲ ಯಂತ್ರ ಒಪ್ಪಲಿಲ್ಲ. ಚಿಪ್ ಸಿಗುತ್ತಿಲ್ಲ ಎಂದು ತೆರೆ ಕೆಂಪಾಯಿತು. ಮಸ್ರುಖಾನನಿಗೆ ಆ ಕ್ಷಣ ಒಳಗೊಳಗೇ ಹಗುರವಾದದ್ದು ಅವನಿಗೇ ಹೇಸಿಗೆ ತರಿಸಿತು: ಬರೆಯಲಾಗದಿದ್ದರೆ ಹೇಳಲೇಬೇಕಾಗುತ್ತದೆ, ಹೇಳುವ ಧೈರ್ಯವನ್ನು ಯಂತ್ರವೇ ತನಗಾಗಿ ತಂದುಕೊಡುತ್ತದೆ. ಸನ್ನೆಯನ್ನೆತ್ತಿ ನೋಡಿದರೆ ಚಿಪ್ಪಿನ ಒಂದು ಕಾಲು ಒಳಕ್ಕೆ ಮಡಚಿಕೊಂಡಿತ್ತು. ಉಗುರಿನಿಂದ ಅದನ್ನು ನೇರ ಮಾಡುತ್ತಿರುವಾಗ ಹೊಸ್ತಿಲ ಮೇಲೆ ಬೆತ್ತದ ಸದ್ದಾಯಿತು. ಯಾಯಿ. ಊರೆಲ್ಲ ಹಾಗೆಯೇ ಕರೆಯುವ ಆ ವೃದ್ಧ ಗುರುವಿನ ಎರಡೂ ಕಣ್ಣುಗಳ ಮೇಲೆ ಹಾಲಿನ ಕೆನೆಯಂತಹ ಪೊರೆ ಬಂದಿದೆ. ಆದರೂ ಮುಖವನ್ನು ಮಾತಿನ ಕಡೆಗಲ್ಲ, ಕೈಕೆಲಸದ ಕಡೆಗೆ ತಿರುಗಿಸುವ ಹಳೆಯ ಪದ್ಧತಿ ಹೋಗಿಲ್ಲ. ಇಪ್ಪತ್ತೈದು ವರ್ಷದ ಕೆಳಗೆ ಇದೇ ಅಂಗಳದಲ್ಲಿ, ತಾಮ್ರದ ತೊಟ್ಟಿಲಿನಂತಹ ನೆರಳುಗಡಿಯಾರದ ಮುಂದೆ ಮಸ್ರುಖಾನನನ್ನು ನಿಲ್ಲಿಸಿ, ಮೊಳೆಯ ನೆರಳು ಗೆರೆಯನ್ನು ಮುಟ್ಟುವಾಗ ಉಸಿರನ್ನು ಹಿಡಿಯಲು ಕಲಿಸಿದವರು ಅವರು. "ನೆರಳು ನಿನ್ನ ಉಸಿರಿಗೆ ಅಲ್ಲಾಡಲ್ಲ, ನೀನು ಅಲ್ಲಾಡ್ತೀಯಾ" ಎನ್ನುತ್ತಿದ್ದರು.

"ಬಂದ್ಯಾ ಮಗಾ. ಕೂತ್ಕೋ, ಏಳ್ಬೇಡ. ಈಗ ಏನ್ ಮಾಡ್ತಿದೀಯಾ?"

"ಒಳಗಿನ ಬರಹ ಅಳಿಸ್ತಿದೀನಿ ಯಾಯಿ. ಮತ್ತೆ ಬರೀಬೇಕು."

"ಅಳಿಸಿದ್ದು ಎಲ್ಲಿ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ಇರೋದೇ ಇಲ್ಲ."

"ಪುಣ್ಯವಂತ ವಸ್ತು" ಎಂದು ಯಾಯಿ ನಕ್ಕರು. ಮಸ್ರುಖಾನ್ ಚಿಪ್ಪನ್ನು ಮತ್ತೆ ಕೂರಿಸಿ ಅಳಿಸುವ ಗುಂಡಿಯನ್ನೊತ್ತಿದ. ಖಾಲಿಯಿದೆ ಎಂದಿತು ತೆರೆ. ಎಷ್ಟೊಂದು ಸಂಜೆಗಳನ್ನು ಕೆಡಿಸಿದ ಆ ಬರಹ ಒಂದು ಕಲೆಯನ್ನೂ ಬಿಡದೆ ಮಾಯವಾಯಿತು. ಅದರ ಸಾಕ್ಷಿ ಈಗ ಅವನ ಅಂಗಿಯ ಜೇಬಿನಲ್ಲಿರುವ ಜೋಡಿ ಚಿಪ್ ಒಂದೇ. ಹೇಳಬೇಕಾದ ಹೊತ್ತು ಇದೇ. ಯಾಯಿ, ಎಂದು ತುಟಿ ತೆರೆದದ್ದೂ ಹೌದು. ಅಷ್ಟರಲ್ಲಿ ಅವರೇ, ತಪ್ಪೊಪ್ಪಿಕೊಳ್ಳುವ ಮಗುವಿನ ದನಿಯಲ್ಲಿ, "ನಿನಗೊಂದು ಹೇಳ್ಬೇಕಿತ್ತು ಮಗಾ, ನಗಬಾರದು" ಎಂದರು. "ನಿನ್ನ ಗಡಿಯಾರ ಹಾಕಿದ ಮಾರನೇ ದಿನವೇ ನೋಡ್ದೆ. ಅದು ಮಧ್ಯಾಹ್ನದ ಕೂಗು ಕೂಗುತ್ತೆ, ನನ್ನ ಮೊಳೆಯ ನೆರಳು ಇನ್ನೂ ಗೆರೆಗೆ ಬಂದಿರಲ್ಲ. ಈ ಮಬ್ಬು ಕಣ್ಣಲ್ಲೇ ಒಂದು ದಿನ ನೋಡ್ದೆ, ಎರಡು ದಿನ ನೋಡ್ದೆ. ಸರ್ಪಿನ್‌ನ ಕರೆದು ಅವನ ಕಣ್ಣಲ್ಲೂ ನೋಡಿಸ್ದೆ. ಆಮೇಲೆ ಗೊತ್ತಾಯ್ತು, ಆ ಹಲಸಿನ ಮರದ ಬೇರು ಕಟ್ಟೆನ ಎತ್ತಿಬಿಟ್ಟಿದೆ. ಎಷ್ಟು ವರ್ಷದಿಂದ ನನ್ನ ತಾಮ್ರ ಸುಳ್ಳು ಹೇಳ್ತಿತ್ತೋ! ಉಳಿ ತರಿಸಿ, ಹಳೇ ಗಾರೆಯಿಂದ ಬಿಡಿಸಿ, ನಿನ್ನ ಗಡಿಯಾರಕ್ಕೆ ಸರಿಯಾಗಿ ತಿರುಗಿಸಿ ಸಿಮೆಂಟಲ್ಲಿ ಕೂರಿಸ್ದೆ." ಬೆತ್ತವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, "ನನ್ನ ಗುರುಗಳು ಕೂರಿಸಿದ್ದು ಅದು. ಒಡೆಯೋಕೆ ಮನಸ್ಸು ಬರ್ಲಿಲ್ಲ. ಆದರೆ ಲೆಕ್ಕ ಮಾಡಿದವನು ನೀನಲ್ವಾ" ಎಂದರು.

ಮಸ್ರುಖಾನ್ ಸನ್ನೆಯನ್ನೆತ್ತಿ, ಸರಿಯಾಗಿಯೇ ಕೂತಿದ್ದ ಚಿಪ್ಪನ್ನು ತೆಗೆದು ಮತ್ತೊಮ್ಮೆ ಕೂರಿಸಿದ. ತನ್ನ ತಪ್ಪು ತನ್ನದಾಗಿಯಷ್ಟೇ ಉಳಿದಿದ್ದರೆ ಅದನ್ನು ಎತ್ತಿ ತೋರಿಸಬಹುದಿತ್ತೇನೋ. ಈಗ ಅದು ಸಿಮೆಂಟಿನಲ್ಲಿ ಕೂತಿದೆ. ತಾನು ಒಂದು ಮಾತು ಹೇಳಿದರೆ ಈ ಮುದುಕರು ನೂರು ವರ್ಷದ ನಿಜವನ್ನು ತಮ್ಮ ಕೈಯಾರೆ ಒಡೆದದ್ದು ಬಯಲಾಗುತ್ತದೆ. ಅವರನ್ನು ಉಳಿಸಲೆಂದೇ ಸುಮ್ಮನಿದ್ದೇನೆ ಎಂಬ ಆಲೋಚನೆ ಎಷ್ಟು ನಯವಾಗಿ ಬಂದು ಪಕ್ಕದಲ್ಲಿ ಕೂತಿತೆಂದರೆ, ಅದು ಎಲ್ಲಿಂದ ಬಂದಿತೆಂದು ಕೇಳಲು ಅವನಿಗೆ ಮನಸ್ಸಾಗಲಿಲ್ಲ. ಯಂತ್ರದ ನೆನಪನ್ನು ಬರಿದು ಮಾಡಿದ. ಪುಂಗ್ಗುರಿನ ಫೈಲನ್ನು ತುಂಬಿದ. ತುಂಬಿದ್ದು ಅದೇ ಹೌದೋ ಎಂದು ಊರಿನ ಅಂಕಿಗಳನ್ನು ಒಂದೊಂದಾಗಿ ಓದಿದ, ಮತ್ತೊಮ್ಮೆ ಓದಿದ. ಬರೆದ. ತಾಳೆ ಸರಿಯಿದೆ ಎಂಬ ಹಸಿರು ಅಕ್ಷರ ಅಂದು ಮೂಡಿದ ಹಾಗೆಯೇ, ಅದೇ ಬಣ್ಣದಲ್ಲಿ, ಅದೇ ನಿರ್ಲಿಪ್ತತೆಯಿಂದ ಮೂಡಿತು. ಏಣಿ ಹತ್ತಿ ಚಿಪ್ಪನ್ನು ಗಡಿಯಾರಕ್ಕೆ ಮರಳಿ ಕೂರಿಸಿ ಇಳಿದ. "ಆಯ್ತಾ?" ಎಂದರು ಯಾಯಿ. "ಆಯ್ತು." "ಏನೋ ಹೇಳೋಕೆ ಹೊರಟಿದ್ದೆ ನೀನು." "ಏನಿಲ್ಲ ಯಾಯಿ. ಉಪವಾಸದ ಬಾಯಿ, ಒಣಗಿತ್ತು."

ಬೆಟ್ಟದ ನೆರಳು ಅಂಗಳವನ್ನು ದಾಟಿ ತೋಟಗಳನ್ನೂ ನುಂಗಿಯಾಗಿತ್ತು. ಗಂಡಸರು ಜಗುಲಿಯ ಚಾಪೆಗಳ ಮೇಲೆ ಸಾಲಾಗಿ ಕೂತರು. ಮುಂದೆ ಸಿಹಿ ಚಹಾದ ಲೋಟಗಳು, ಕರಿದ ಸೋಯಾ ತೆಂಪೆ, ತೆಂಗಿನಹಾಲಿನಲ್ಲಿ ಬೆಂದ ಬಾಳೆಹಣ್ಣಿನ ಕೋಲಾಕ್. ಮಸ್ರುಖಾನ್ ಯಾಯಿಯ ಪಕ್ಕದಲ್ಲಿ, ಅತಿಥಿಯೆಂದು ಎತ್ತಿಕೊಟ್ಟ ಹೊಸ ಚಾಪೆಯ ಮೇಲೆ ಕೂತ. ಬೆಲ್ಲದ ಪರಿಮಳ ಹೊಟ್ಟೆಯನ್ನು ಹಿಂಡಿತು. ಹೊಟ್ಟೆಗೆ ಏನೂ ಗೊತ್ತಿಲ್ಲದಿರುವುದು ಅವನಿಗೆ ಅವಮಾನವೆನಿಸಿತು. ಗೋಡೆಯ ಮೇಲೆ ಕೆಂಪು ಅಂಕಿಗಳು ನಿನ್ನೆ ಕೂಗಿದ ನಿಮಿಷಕ್ಕೆ ಬಂದವು. ಕೈಗಳು ಲೋಟಗಳ ಕಡೆಗೆ ಹೋದವು. ಗಡಿಯಾರ ಕೂಗಲಿಲ್ಲ.

"ಏನ್ ಸರ್ಪಿನ್, ಗಂಟಲು ಕಟ್ಟಿತಾ?"

"ಯಜಮಾನ್ರು ಗೋಡೆ ಮೇಲವ್ರೆ, ಅವ್ರು ಬಾಯಿ ಬಿಡ್ದೆ ನಾನ್ಯಾಕೆ ಬಿಡ್ಲಿ?" ಎಂದು ಸರ್ಪಿನ್ ಮೈಕಿನ ಮುಂದೆ ನಿಂತೇ ಹೇಳಿದ.

"ಹೊಸ ಬ್ಯಾಟರಿ ತಿಂದು ಮಲಗಿದೆ ಕಣೋ ಅದು. ನಮಗಿಂತ ಮುಂಚೆ ಉಪವಾಸ ಬಿಟ್ಟಿದೆ."

ನಗು ಎದ್ದಿತು, ಇಳಿಯಿತು. ಇನ್ನೊಂದು ನಿಮಿಷ ಹೋಯಿತು. ಸಾಲಿನ ಕೊನೆಯಿಂದ ಯಾರೋ, ಮೆಲ್ಲಗೆಂದುಕೊಂಡರೂ ಎಲ್ಲರಿಗೂ ಕೇಳುವಂತೆ, "ಯಾಯಿ ತಾಮ್ರ ತಿರುಗಿಸಿದಾಗಿಂದ ಈ ಊರಿನ ಹೊತ್ತೇ ತಿರುಗುಮುರುಗು" ಎಂದರು. ಅದಕ್ಕೆ ಯಾರೂ ನಗಲಿಲ್ಲ, ನಗದಿರುವುದು ಒಪ್ಪಿಗೆಯಂತಿತ್ತು. ಮಸ್ರುಖಾನನಿಗೆ ಪಕ್ಕದ ದೇಹ ಸ್ಥಿರವಾದದ್ದು ತಿಳಿಯಿತು. ಯಾಯಿ ಲೆಕ್ಕ ಹಾಕುತ್ತಿದ್ದರು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡುತ್ತಿತ್ತು. ಈ ಕಾಲದಲ್ಲಿ ಒಂದು ಸಂಜೆಗೂ ಮರುಸಂಜೆಗೂ ಇರುವ ಅಂತರ ಕೆಲವು ಕ್ಷಣಗಳದ್ದು. ನಿಮಿಷಗಟ್ಟಲೆ ಜಿಗಿಯಲು ಸೂರ್ಯನಿಗೆ ಅಪ್ಪಣೆಯಿಲ್ಲ. ಹೆಬ್ಬೆರಳು ನಿಂತಿತು. ಅವರು ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟು, ಪೊರೆ ಕವಿದ ಕಣ್ಣುಗಳನ್ನು ಶಿಷ್ಯನ ಕಡೆಗೆ ತಿರುಗಿಸಿದರು. ಮುಖ ಕೈಗಳ ಕಡೆಗೆ ಹೋಗದೆ ನೇರ ಅವನ ಮುಖದ ಕಡೆಗೆ ಬಂದದ್ದು ಅದೇ ಮೊದಲು.

"ಮಸ್ರುಖಾನ್. ಯಾವ ಹೊತ್ತು ನಿಜ, ನಿನ್ನೆಯದಾ, ಇವತ್ತಿನದಾ?"

"ಇವತ್ತಿನದು, ಯಾಯಿ."

ಅವರು ಮತ್ತೇನನ್ನೂ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದ. ಆಮೇಲೆ ಎಷ್ಟೋ ದಿನ ಅವನು ತನಗೆ ತಾನೇ ಹೇಳಿಕೊಂಡದ್ದು ಇದನ್ನೇ. ಗಡಿಯಾರ ಕೂಗಿತು, ಜಗುಲಿಯ ಹೊಸ ನಗಾರಿ ಮೊಳಗಿತು, ಸರ್ಪಿನ್ನನ ದನಿ ಕತ್ತಲಾಗುತ್ತಿದ್ದ ಕಣಿವೆಗೆ ಇಳಿಯಿತು. ಎಲ್ಲರೂ ಕುಡಿದರು. ಆ ತಿಂಗಳಿನಲ್ಲಿ ಆ ಊರು ಸರಿಯಾದ ಹೊತ್ತಿಗೆ ಬಿಟ್ಟ ಮೊದಲ ಉಪವಾಸ ಅದು. ಅದನ್ನು ತಿಳಿದು ಕುಡಿದವರು ಇಬ್ಬರೇ, ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ನಮಾಜಿನ ಬಳಿಕ ಯಾಯಿ ಏಳಲಿಲ್ಲ. ಜನರ ಕಡೆಗೆ ತಿರುಗಿ ಕೂತರು. "ಇವತ್ತಿನವರೆಗೆ ಈ ತಿಂಗಳು ನಾವು ಬಿಟ್ಟ ಉಪವಾಸ ಎಲ್ಲ ಸೂರ್ಯ ಇರೋವಾಗಲೇ ಬಿಟ್ಟಿದ್ದು. ಹಬ್ಬ ಕಳೆದ ಮೇಲೆ ಪ್ರತಿಯೊಬ್ಬರೂ ಅವನ್ನ ಮತ್ತೆ ಹಿಡೀಬೇಕು. ಹೆಂಗಸರಿಗೂ ಹೇಳಿ. ಈ ಊರಿನ ಹೊತ್ತಿಗೆ ಹೊಣೆ ನಾನು. ನನ್ನ ತಾಮ್ರ ನಿಜ ಹೇಳ್ತು, ನಾನು ನಂಬ್ಲಿಲ್ಲ." ಸಾಲುಗಳಲ್ಲಿ ಒಂದು ಗೊಣಗು, ಗೊಣಗಿನೊಳಗಿಂದ ಸ್ಪಷ್ಟವಾಗಿ ಎದ್ದ ಒಂದು ಮಾತು: "ಕಣ್ಣು ಕಾಣದವರ ಕೈಗೆ ಊರಿನ ಹೊತ್ತು ಕೊಟ್ಟವರಿಗೆ ಬುದ್ಧಿ ಇರ್ಲಿಲ್ಲ ಬಿಡಿ." ಯಾಯಿ ತಲೆಯಾಡಿಸಿದರು, ಹೌದೆಂಬಂತೆ. ಮಸ್ರುಖಾನ್ ಜೇಬಿಗೆ ಕೈ ಹಾಕಿದ. ಜೇಬಿನ ಚಿಪ್ಪನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. ಅದರ ಕಾಲುಗಳು ಎರಡು ಸಾಲಾಗಿ ಅಂಗೈಗೆ ನಾಟಿದವು. "ಯಾಯಿ, ಅದು..." ಎಂದ. ದನಿ ತನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಅದೇ ಹೊತ್ತಿಗೆ ಕಂಬದ ಬಳಿಯಿಂದ ರುಕಾನಾಳ ಮಗ ದರ್ಸೊನೊ ಎದ್ದು ನಿಂತ. ತೋಟದ ಕೆಲಸದ ಒರಟು ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಲುಂಗಿಗೆ ಒರೆಸುತ್ತಿದ್ದ.

"ಯಾಯಿ, ನಮ್ಮವ್ವಂದು? ಅವ್ಳು ಮತ್ತೆ ಹಿಡಿಯೋದು ಹೆಂಗೆ?"

ಇಡೀ ಮಸೀದಿ ಆ ಪ್ರಶ್ನೆಯ ಕಡೆಗೆ ತಿರುಗಿತು. ಯಾಯಿಯ ದನಿ ಅಂದು ಮೊದಲ ಬಾರಿಗೆ ಮೃದುವಾಯಿತು. "ನಿಮ್ಮವ್ವನ ಮೇಲೆ ಏನೂ ಇಲ್ಲ ದರ್ಸೊನೊ. ತಪ್ಪು ಗೊತ್ತಾಗೋ ಮುಂಚೆ, ತೀರಿಸೋಕೆ ಒಂದು ದಿನವೂ ಸಿಗದೆ ಹೋದವರನ್ನ ಅವನು ಕೇಳಲ್ಲ. ಗೊತ್ತಿದ್ದು, ದಿನ ಸಿಕ್ಕವರ ಮೇಲೆ ಮಾತ್ರ ಹೊರೆ." ದರ್ಸೊನೊ ಮುಖ ಮುಚ್ಚಿಕೊಂಡು ಕೂತ. ಆ ಕೊನೆಯ ಮಾತನ್ನು ಹೇಳುವಾಗ ಯಾಯಿ ಯಾರ ಕಡೆಗೂ ನೋಡಲಿಲ್ಲ. ಆಮೇಲೆ ಪಕ್ಕಕ್ಕೆ ಬಾಗಿ, ಮಸ್ರುಖಾನನೊಬ್ಬನಿಗೇ ಕೇಳುವಂತೆ ಹೇಳಿದರು: "ಇಲ್ಲೇ ಮಲಗು ಇವತ್ತು. ನಾಳೆ ಮಧ್ಯಾಹ್ನ ತಾಮ್ರನ ಮತ್ತೆ ತಿರುಗಿಸ್ಬೇಕು. ನನ್ನ ಕಣ್ಣಿಗೆ ಗೆರೆ ಸರಿಯಾಗಿ ಕಾಣ್ಸಲ್ಲ. ನೀನೇ ತಿರುಗಿಸು. ಊರೆಲ್ಲ ಅಂಗಳದಲ್ಲಿ ಇರುತ್ತೆ."

ಅದು ಅವನಿಗೆ ಕೊಟ್ಟ ದಿನವೆಂಬುದು ಅವನಿಗೆ ತಿಳಿದಿತ್ತು.

ಮಾರನೆಯ ಮಧ್ಯಾಹ್ನ ಊರೆಲ್ಲ ಅಂಗಳದಲ್ಲಿತ್ತು. ಹಲಸಿನ ಮರದ ಬೇರು ಕಟ್ಟೆಯನ್ನು ಎತ್ತಿರಲೇ ಇಲ್ಲ. ಬೇರು ಬೇರೆಯ ಕಡೆಗೆ ಹೋಗಿತ್ತು. ಮೂರು ವಾರದ ಸಿಮೆಂಟು ಉಳಿಯ ಏಟಿಗೆ ಸುಲಭವಾಗಿ ಬಿಟ್ಟಿತು, ಅದರ ಕೆಳಗೆ ಹಳೆಯ ಗುರುಗಳು ಕೂರಿಸಿದ್ದ ಸುಣ್ಣಗಾರೆಯಲ್ಲಿ ತಾಮ್ರದ ಅಂಚಿನ ಹಳ್ಳ ಹಾಗೆಯೇ ಉಳಿದಿತ್ತು. ಮಸ್ರುಖಾನ್ ತಾಮ್ರವನ್ನು ಆ ಹಳ್ಳಕ್ಕೆ ಇಳಿಸಿದ. ಬಿಸಿಲಿಗೆ ಕಾದ ಲೋಹ ಬೆರಳನ್ನು ಸುಟ್ಟಿತು, ಕೈ ತೆಗೆಯಲಿಲ್ಲ. ದರ್ಸೊನೊ ಪಕ್ಕದಲ್ಲಿ ಗಾರೆಯ ಬುಟ್ಟಿ ಹಿಡಿದು ನಿಂತಿದ್ದ. ಯಾಯಿ ಮಸೀದಿಯ ಮೆಟ್ಟಿಲ ಮೇಲೆ ಕೂತಿದ್ದರು, ಅಂಗಳಕ್ಕೆ ಬೆನ್ನು ಮಾಡಿ. ಹೇಳುವವನಿಗೆ ತನ್ನ ಮುಖ ಅಡ್ಡಿಯಾಗದಿರಲಿ ಎಂಬಂತೆ. ಮೊಳೆಯ ನೆರಳು ಗೆರೆಯತ್ತ ತೆವಳುತ್ತಿತ್ತು. ಅವನು ಉಸಿರು ಹಿಡಿದ. ನೆರಳು ಗೆರೆಯನ್ನು ಮುಟ್ಟಿತು, ದಾಟಿತು. ಎಚ್ಚರಿಕೆಯ ಎರಡು ನಿಮಿಷ ಕಳೆದು ಒಳಗೆ ಗಡಿಯಾರ ಕೂಗಿತು. ಜನರ ಬಾಯಿಂದ ಒಂದು ನಿಟ್ಟುಸಿರು ಹೊರಟಿತು. ಅವನು ತಲೆಯೆತ್ತಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮಾತು ನಾಲಗೆಯ ಮೇಲೆ ಬಂದು, ತನ್ನ ಸರದಿಗಾಗಿ ಕಾಯುವಂತೆ ನಿಂತಿತ್ತು.

"ದೇವರು ನಿನ್ನ ಕೈಗೆ ಒಳ್ಳೇದು ಮಾಡ್ಲಿ ಕಾಂಗ್" ಎಂದ ದರ್ಸೊನೊ. ಅವನ ಕಣ್ಣು ತುಂಬಿತ್ತು. "ಯಾಯಿ ಕೆಡ್ಸಿದ್ದನ್ನ ನೀನು ಬಂದು ಸರಿ ಮಾಡ್ದೆ. ನೀನು ಬರ್ದೇ ಹೋಗಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ."

ಮೆಟ್ಟಿಲ ಮೇಲಿನ ಬೆನ್ನು ಕದಲಲಿಲ್ಲ.

"ಹೂಂ" ಎಂದ ಮಸ್ರುಖಾನ್, ಗಾರೆಯ ಬುಟ್ಟಿಗೆ ಕೈಯಿಕ್ಕಿ.

ಅಂದು ಸಂಜೆ ಯಾಯಿ ಉಪವಾಸ ಬಿಡುವ ಮೊದಲು ಎತ್ತಿದ ಕೈಗಳಲ್ಲಿ ಎಲ್ಲರೂ ಇದ್ದರು, ಅವನೂ ಇದ್ದ. ಆ ಕೈಗಳಂತೆಯೇ ಈ ಕಥೆಯೂ ಯಾರನ್ನೂ ಹೊರಗಿಡದಿರಲಿ. ಹೊತ್ತನ್ನು ಕಾಯುವವರ ಮೇಲೆ, ಹೊತ್ತು ತಪ್ಪಿಸಿದವರ ಮೇಲೆ, ತಿಳಿಯದೆ ಹೊರೆ ಹೊತ್ತವರ ಮೇಲೆ, ತಿಳಿದೂ ಬಾಯಿ ಬಿಡದವರ ಮೇಲೆ, ಇದನ್ನು ಕಿವಿಗೊಟ್ಟು ಕೇಳಿದ ನಿಮ್ಮೆಲ್ಲರ ಮೇಲೆ ಅವನ ಕರುಣೆ ನಿಜವಾದ ಹೊತ್ತಿಗೆ ಇಳಿಯಲಿ. ತೀರಿಸಲು ದಿನ ಸಿಗಲಿ, ಸಿಕ್ಕ ದಿನದಲ್ಲಿ ದನಿಯೂ ಸಿಗಲಿ.